ಹಳೆ ಸ್ಪೋರ್ಟ್ಸ್ ಕಾರಿನ ಡ್ಯಾಶ್‌ಬೋರ್ಡ್ ಬಿಚ್ಚಿ ಎಸಿ ಕಂಟ್ರೋಲ್ ಸರಿ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ, ಚಿತ್ರದುರ್ಗದ ಕಡೆ ಹಳೆ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಬೆರಳೆಣಿಕೆಯಷ್ಟು ಮಂದಿ. ಆದರೆ ಏಪ್ರಿಲ್ ಬಂದು ಬಿಸಿಲು 38-40 ಡಿಗ್ರಿ ಮುಟ್ಟಿತೆಂದರೆ ಅಷ್ಟೂ ಮಂದಿ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸದಲ್ಲಿ ಕೆಟ್ಟಿರುವ ಪಾರ್ಟ್ ಸಾಮಾನ್ಯವಾಗಿ ಚಿಕ್ಕದು, ಅಗ್ಗದ್ದು. ಅದನ್ನು ತಲುಪಲು ಬಿಚ್ಚುವ ಪ್ಲಾಸ್ಟಿಕ್ ಮಾತ್ರ ಮತ್ತೆ ಸಿಗುವುದಿಲ್ಲ. ಕೆಳಗಿನ ಉತ್ತರಗಳೆಲ್ಲ ಇದನ್ನೇ ಮನಸ್ಸಲ್ಲಿಟ್ಟುಕೊಂಡು ಬರೆದವು.

ಎಸಿ ಹಾಕಿದರೂ ಬಿಸಿ ಗಾಳಿ ಬರುತ್ತಿದೆ. ಗ್ಯಾಸ್ ಖಾಲಿಯಾಗಿದೆ, ಅಲ್ವಾ?

ಇರಬಹುದು. ಆದರೆ ಗ್ಯಾಸ್ ತುಂಬಿಸಲು ಹೊರಡುವ ಮೊದಲು ಬಾನೆಟ್ ಎತ್ತಿ ನೋಡಿ. ಎಂಜಿನ್ ಓಡುತ್ತಿರಲಿ, ಎಸಿ ಹಾಕಿರಲಿ. ಕಂಪ್ರೆಸರ್ ಕ್ಲಚ್ 'ಟಕ್' ಅಂತ ಹಿಡಿಯುತ್ತದೆಯೇ ಕೇಳಿಸಿಕೊಳ್ಳಿ. ಆಮೇಲೆ ಕಾರಿನ ಒಳಕ್ಕೆ ಹೋಗುವ ಎರಡು ಅಲ್ಯೂಮಿನಿಯಂ ಪೈಪ್‌ಗಳಲ್ಲಿ ದಪ್ಪನೆಯದನ್ನು ಮುಟ್ಟಿ. ಕೈ, ಅಂಗಿ, ಟವೆಲ್ ಯಾವುದೂ ಬೆಲ್ಟು, ಫ್ಯಾನಿನ ಹತ್ತಿರ ಹೋಗದಿರಲಿ. ಆ ಪೈಪ್ ತಣ್ಣಗಿದ್ದರೆ ಗ್ಯಾಸ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ತಂಪು ಹುಟ್ಟುತ್ತಿದೆ, ನಿಮ್ಮ ಮುಖದವರೆಗೆ ಬರುತ್ತಿಲ್ಲ.

ಯಾಕೆ? ಡ್ಯಾಶ್‌ಬೋರ್ಡಿನ ಒಳಗೆ ಒಂದು ಗಾಳಿ ಡಬ್ಬಿ ಇರುತ್ತದೆ. ಅದರಲ್ಲಿ ತಂಪು ಮಾಡುವ ಕೂಲಿಂಗ್ ಕಾಯಿಲ್ ಇದೆ, ಎಂಜಿನ್ನಿನ ಬಿಸಿನೀರು ಹರಿಯುವ ಹೀಟರ್ ಕೋರ್ ಕೂಡ ಇದೆ. ನೀವು ನಾಬ್ ತಿರುಗಿಸಿದಾಗ ಅಲ್ಲಿರುವ ಒಂದು ಬಾಗಿಲು ಸರಿದು, ಗಾಳಿ ಹೀಟರ್ ಕಡೆಗೆ ಎಷ್ಟು ಹೋಗಬೇಕು ಎಂದು ತೀರ್ಮಾನಿಸುತ್ತದೆ. ಬಾಗಿಲು ಬಿಸಿ ಕಡೆಗೇ ಸಿಕ್ಕಿಕೊಂಡರೆ ಎಸಿ ಎಷ್ಟೇ ದುಡಿದರೂ ಬಿಸಿ ಗಾಳಿಯೇ ಬರುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಬಾಗಿಲಿನ ಬದಲು, ಇಲ್ಲವೇ ಬಾಗಿಲಿನ ಜೊತೆಗೆ, ಬಿಸಿನೀರನ್ನು ತಡೆಯುವ ವಾಲ್ವ್ ಇರುತ್ತದೆ.

ದಪ್ಪ ಪೈಪ್ ತಣ್ಣಗಾಗದಿದ್ದರೆ, ಇಲ್ಲವೇ ಕ್ಲಚ್ಚೇ ಹಿಡಿಯದಿದ್ದರೆ ಫ್ಯೂಸ್, ರಿಲೇ ನೋಡಿಕೊಂಡು ಎಸಿ ಮೆಕ್ಯಾನಿಕ್ ಹತ್ತಿರ ಹೋಗಿ. ಆಗ ಡ್ಯಾಶ್‌ಬೋರ್ಡ್ ಮುಟ್ಟುವ ಅಗತ್ಯವೇ ಬರದಿರಬಹುದು.

ನನ್ನ ಕಾರಿನ ಗಾಳಿ ಡಬ್ಬಿಯ ಬಾಗಿಲುಗಳನ್ನು ನಡೆಸುವುದು ಕೇಬಲ್ಲಾ, ಮೋಟಾರಾ? ಬಿಚ್ಚದೇ ತಿಳಿಯುವುದು ಹೇಗೆ?

ಕೈಗೇ ತಿಳಿಯುತ್ತದೆ. ನಾಬ್ ಅಥವಾ ಲಿವರ್ ಸರಿಸಿದಾಗ ಒಂದಿಷ್ಟು ಬಿಗಿ ಇದ್ದು, ತುದಿಯಲ್ಲಿ 'ಧಡ್' ಎಂದು ಬಾಗಿಲು ಮುಚ್ಚಿದ ಸದ್ದು ಬಂದರೆ ಕೇಬಲ್. 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಇಂಥದ್ದು. ಈ ಪುಟದಲ್ಲಿ ಅದರ ಹೆಸರು ಮತ್ತೆ ಬರುತ್ತದೆ. ಮಜ್ದಾ ಆ ಕಾರನ್ನು ನಮ್ಮ ದೇಶದಲ್ಲಿ ಮಾರದಿದ್ದರೂ, ಹಳೆ ಸ್ಪೋರ್ಟ್ಸ್ ಕಾರಿನ ಒಳಗೆ ಏನೇನಿರುತ್ತದೆ ಎಂದು ಕಲಿಯಲು ಅದಕ್ಕಿಂತ ಸರಳ ಕಾರು ಇಲ್ಲ.

ಸ್ವಿಚ್ ಒತ್ತಿದ ಮೇಲೆ ಒಳಗಿನಿಂದ 'ಗುಂಯ್' ಎಂಬ ಸಣ್ಣ ಸದ್ದು ಬಂದರೆ ಮೋಟಾರು. 'ಟಿಕ್ ಟಿಕ್' ಎಂದು ಬಡಿದುಕೊಳ್ಳುತ್ತಲೇ ಇದ್ದರೆ ಮೋಟಾರಿನ ಪ್ಲಾಸ್ಟಿಕ್ ಗೇರ್ ಹಲ್ಲು ಹೋಗಿರುತ್ತದೆ.

ಮೂರನೆಯದು ವ್ಯಾಕ್ಯೂಮ್. ಹಳೆ ಅಮೆರಿಕನ್ ಕಾರುಗಳಲ್ಲಿ, ಹಳೆ ಮರ್ಸಿಡಿಸ್‌ಗಳಲ್ಲಿ ಇದು ಸಾಮಾನ್ಯ. ಎಂಜಿನ್ ಗಾಳಿ ಎಳೆದುಕೊಳ್ಳುವ ಬಲವನ್ನೇ ಸಣ್ಣ ಕೊಳವೆಗಳ ಮೂಲಕ ತಂದು ಬಾಗಿಲು ಎಳೆಯುತ್ತಾರೆ. ಕೊಳವೆ ಸೀಳಿದರೆ ಗಾಳಿ ಮುಖಕ್ಕೆ ಬರುವುದು ನಿಂತು ಮುಂದಿನ ಗಾಜಿನ ಕಡೆ ಹೋಗುತ್ತದೆ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಏನೇ ಕೆಟ್ಟರೂ ಗಾಜಿನ ಮಂಜು ತೆಗೆಯುವ ಗಾಳಿ ನಿಲ್ಲಬಾರದು ಎಂದು. ಏರು ಹತ್ತುವಾಗ, ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಮಾತ್ರ ಗಾಳಿ ಗಾಜಿನ ಕಡೆ ಓಡಿ, ಕಾಲು ತೆಗೆದಾಗ ವಾಪಸ್ ಬಂದರೆ ವ್ಯಾಕ್ಯೂಮ್ ಲೀಕ್, ಇಲ್ಲವೇ ಅದರ ಒಂದು ದಿಕ್ಕಿನ ವಾಲ್ವ್ ಹೋಗಿದೆ ಎಂದು ನೋಡಬೇಕು. ಮೊದಲು ಎಂಜಿನ್ ಕಡೆಯ ಕೊಳವೆಗಳನ್ನೇ ನೋಡಿ. ಬಿಸಿಗೆ ಮೊದಲು ಒಣಗಿ ಸೀಳುವುದು ಅವೇ.

ಬ್ಲೋವರ್ 1, 2, 3ರಲ್ಲಿ ಸುಮ್ಮನಿರುತ್ತದೆ. 4ಕ್ಕೆ ಹಾಕಿದರೆ ಮಾತ್ರ ಜೋರಾಗಿ ಓಡುತ್ತದೆ.

ರೆಸಿಸ್ಟರ್ ಹೋಗಿದೆ. ಕಡಿಮೆ ಸ್ಪೀಡುಗಳಲ್ಲಿ ಕರೆಂಟು ಅದರ ಮೂಲಕ ಹೋಗುತ್ತದೆ, ಕೊನೆಯ ಸ್ಪೀಡಿಗೆ ನೇರವಾಗಿ ಹೋಗುತ್ತದೆ. ಸಾಮಾನ್ಯವಾಗಿ ಇದು ಎಡಗಡೆ, ಗ್ಲೋವ್ ಬಾಕ್ಸ್ ಕೆಳಗೆ, ಬ್ಲೋವರ್ ಪಕ್ಕದಲ್ಲೇ ಇರುತ್ತದೆ. ಗಾಳಿ ತಾಗಿ ತಣ್ಣಗಿರಲಿ ಎಂದು ಅಲ್ಲಿಟ್ಟಿರುತ್ತಾರೆ. ಬಿಚ್ಚಬೇಕಾದದ್ದು ಗ್ಲೋವ್ ಬಾಕ್ಸ್ ಮಾತ್ರ. ಇದಕ್ಕೆ ಯಾರಾದರೂ ನಡುವಿನ ಪ್ಯಾನೆಲ್ ಬಿಚ್ಚಲು ಬಂದರೆ ತಡೆಯಿರಿ.

ಹೊಸ ರೆಸಿಸ್ಟರ್ ಹಾಕುವ ಮೊದಲು ಬ್ಲೋವರ್ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಮೋಟಾರು ಜಾಸ್ತಿ ಕರೆಂಟು ಎಳೆದು ಹೊಸದನ್ನೂ ಸುಡುತ್ತದೆ. ನಮ್ಮ ಕಡೆ ಫ್ಯಾನಿಗೆ ಕಸ ಕಟ್ಟಿರುವುದು ತುಂಬಾ ಸಾಮಾನ್ಯ. ಹಳೆ ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇರುವುದು ಅಪರೂಪ. ಮೆಕ್ಕೆಜೋಳ ಒಕ್ಕುವ ಕಾಲದ ಹೊಟ್ಟು, ಭೀಮಸಮುದ್ರದ ಕಡೆ ಅದಿರು ಲಾರಿ ಎಬ್ಬಿಸುವ ಕೆಂಧೂಳು, ಬೇವಿನ ಎಲೆ, ಎಲ್ಲ ನೇರ ಒಳಕ್ಕೇ ಹೋಗುತ್ತದೆ.

ಬ್ಯಾಟರಿ ಬಿಚ್ಚಲೇಬೇಕಾ?

ಹೌದು. ಮೈನಸ್ ತಂತಿ ತೆಗೆಯಿರಿ. ಸ್ಟೀರಿಯೋಗೆ ಕೋಡ್ ಇರುವ ಕಾರಾದರೆ ಆ ಕೋಡ್ ಮೊದಲೇ ಹುಡುಕಿಟ್ಟುಕೊಳ್ಳಿ. 1990ರ ದಶಕದ ಎಷ್ಟೋ ಕಾರುಗಳಲ್ಲಿ ಬ್ಯಾಟರಿ ತೆಗೆದು ಹಾಕಿದರೆ ಸ್ಟೀರಿಯೋ ಲಾಕ್ ಆಗುತ್ತದೆ.

ಏರ್‌ಬ್ಯಾಗ್ ಇದ್ದರೆ ಇದು ಇನ್ನೂ ಮುಖ್ಯ. ಬ್ಯಾಟರಿ ತೆಗೆದ ಮೇಲೂ ಅದರ ಸರ್ಕ್ಯೂಟಿನಲ್ಲಿ ಸ್ವಲ್ಪ ಹೊತ್ತು ಕರೆಂಟು ಉಳಿದಿರುತ್ತದೆ. ನಿಮ್ಮ ಕಾರಿನ ರಿಪೇರಿ ಪುಸ್ತಕದಲ್ಲಿ ಎಷ್ಟು ನಿಮಿಷ ಕಾಯಲು ಹೇಳಿದ್ದಾರೋ ಅಷ್ಟು ಕಾಯಿರಿ. ಹಳದಿ ಬಣ್ಣದ ಕಪ್ಲರ್ (ವೈರ್ ಕೂಡಿಸುವ ಪ್ಲಗ್) ಕಂಡರೆ ಸಾಮಾನ್ಯವಾಗಿ ಅದು ಏರ್‌ಬ್ಯಾಗಿನದು. ಅದಕ್ಕೆ ಟೆಸ್ಟ್ ಲ್ಯಾಂಪ್, ಮಲ್ಟಿಮೀಟರ್ ಏನನ್ನೂ ಚುಚ್ಚಬೇಡಿ.

ಕೆಲಸಕ್ಕೆ ಯಾವ ಹೊತ್ತು ಒಳ್ಳೆಯದು? ಇದೂ ಒಂದು ಪ್ರಶ್ನೆಯಾ ಎಂದು ನಗಬೇಡಿ.

ನಗುವುದಿಲ್ಲ. ಇದು ಒಳ್ಳೆಯ ಪ್ರಶ್ನೆ. ಬಿಸಿಲು ತಿಂದ ಹಳೆ ಪ್ಲಾಸ್ಟಿಕ್ಕಿಗೆ ಬಾಗುವ ಗುಣ ಹೋಗಿರುತ್ತದೆ. ತಣ್ಣಗಿದ್ದರೆ ಇನ್ನೂ ಬೇಗ ಬಿರಿಯುತ್ತದೆ. ಡಿಸೆಂಬರ್ ಬೆಳಗಿನ ಜಾವ ಜೋಗಿಮಟ್ಟಿ ಕಡೆಯಿಂದ ಗಾಳಿ ಬೀಸುವ ಹೊತ್ತಿನಲ್ಲಿ ಚಿತ್ರದುರ್ಗದವರು ಪ್ಯಾನೆಲ್ ಎಳೆಯಲು ಹೋಗಬೇಡಿ. ಮೇ ತಿಂಗಳ ಮಧ್ಯಾಹ್ನವೂ ಬೇಡ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕೈ ಇಡಲಾಗದಷ್ಟು ಕಾದಿರುತ್ತದೆ, ಅದರ ಮೇಲಿನ ರೆಕ್ಸಿನ್ ಮೆತ್ತಗಾಗಿ ಟೂಲಿನ ಗುರುತು ಉಳಿಯುತ್ತದೆ. ನನಗೆ ಇಷ್ಟವಾದದ್ದು ಬೇಸಿಗೆಯ ಸಂಜೆ. ನಾಲ್ಕೂವರೆ ಹೊತ್ತಿಗೆ ಕಾರನ್ನು ನೆರಳಿಗೆ ತಂದು, ಗಾಜು ಇಳಿಸಿ ಸ್ವಲ್ಪ ಬಿಟ್ಟು ಶುರು ಮಾಡಿದರೆ ಪ್ಲಾಸ್ಟಿಕ್ ಉಗುರುಬೆಚ್ಚಗೆ ಇರುತ್ತದೆ. ಕ್ಲಿಪ್‌ಗಳು ಮುರಿಯದೆ ಬಾಗುತ್ತವೆ. ಚಳಿಗಾಲವಾದರೆ ಹೇರ್ ಡ್ರೈಯರ್ ಇದೆ.

ಏನೇನು ಟೂಲ್ ಬೇಕು?

ನೈಲಾನ್ ಟ್ರಿಮ್ ಟೂಲ್, ಮಾಸ್ಕಿಂಗ್ ಟೇಪ್, ಹೆಡ್‌ಲ್ಯಾಂಪ್, ಉದ್ದ ಮೂತಿಯ ಪ್ಲಯರ್, 8 ಮತ್ತು 10ರ ಸಾಕೆಟ್, ತುದಿಗೆ ಮ್ಯಾಗ್ನೆಟ್ ಇರುವ ಕಡ್ಡಿ. ಟ್ರಿಮ್ ಟೂಲ್ ಇಲ್ಲದಿದ್ದರೆ ನಯವಾಗಿ ಸೀಳಿದ ಬಿದಿರಿನ ಪಟ್ಟಿ ಸಾಕು. ಚಪ್ಪಟೆ ಸ್ಕ್ರೂಡ್ರೈವರ್ ಮಾತ್ರ ಬೇಡ. ಪ್ಯಾನೆಲ್ಲಿನ ಅಂಚಿಗೆ ಅದನ್ನು ಸಿಕ್ಕಿಸಿದ ಕ್ಷಣ ಗಾಯ ಬಿತ್ತು ಎಂದೇ ಲೆಕ್ಕ.

ಜಪಾನ್ ಕಾರಿನವರಿಗೆ ಒಂದು ಕಿವಿಮಾತು. ಅವುಗಳ ಸ್ಕ್ರೂ ತಲೆ ಸಾಧಾರಣ ಸ್ಟಾರ್‌ನಂತೆ ಕಂಡರೂ ಜೆಐಎಸ್ ಎಂಬ ಬೇರೆ ಅಳತೆಯದು. ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಹಾಕಿ ಬಲವಾಗಿ ತಿರುಗಿಸಿದರೆ ಜಾರಿ ತಲೆ ಸವೆಯುತ್ತದೆ. ಜೆಐಎಸ್ ಸ್ಕ್ರೂಡ್ರೈವರ್ ಆನ್‌ಲೈನಿನಲ್ಲಿ ಸಿಗುತ್ತದೆ, ತರಿಸಿಕೊಳ್ಳಿ.

ಸ್ಕ್ರೂಗಳನ್ನು ಬಟ್ಟಲಿಗೆ ಸುರಿಯಬೇಡಿ. ಒಂದು ರಟ್ಟಿನ ಮೇಲೆ ಡ್ಯಾಶ್‌ಬೋರ್ಡಿನ ಚಿತ್ರ ಗೀಚಿ, ಬಿಚ್ಚಿದ ಜಾಗದಲ್ಲೇ ಆಯಾ ಸ್ಕ್ರೂ ಚುಚ್ಚುತ್ತಾ ಹೋಗಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಹಿಂದಿರುವ ವೈರಿಗೆ ತೂತು ಬೀಳುತ್ತದೆ.

ಎಲ್ಲಿಂದ ಬಿಚ್ಚಲು ಶುರು ಮಾಡಬೇಕು?

ಕೆಳಗಿನಿಂದ. ಸ್ಪೋರ್ಟ್ಸ್ ಕಾರುಗಳಲ್ಲಿ ಜಾಗ ಕಡಿಮೆ. ಗೇರಿನ ಸುತ್ತ ಇರುವ ಕನ್ಸೋಲ್ ಬಂದು ನಡುವಿನ ಪ್ಯಾನೆಲ್ಲಿನ ಕಾಲನ್ನು ಹಿಡಿದುಕೊಂಡಿರುತ್ತದೆ. ಅದು ಬರದೆ ಮೇಲಿನದು ಬರುವುದಿಲ್ಲ. ಗೇರ್ ನಾಬ್ ಬಹಳಷ್ಟು ಕಾರುಗಳಲ್ಲಿ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಕನ್ಸೋಲಿನ ಸ್ಕ್ರೂಗಳು ಆಶ್‌ಟ್ರೇ ಕೆಳಗೆ, ಚಿಲ್ಲರೆ ಇಡುವ ಗುಂಡಿಯ ಮ್ಯಾಟ್ ಕೆಳಗೆ, ಕಾಲಿನ ಹತ್ತಿರ ಕಾರ್ಪೆಟ್ ಮರೆಯಲ್ಲಿ ಇರುತ್ತವೆ. ಆಮೇಲೆ ಸ್ಟೀರಿಯೋ. ಆಮೇಲೆ ಎಸಿ ನಾಬ್‌ಗಳು. ಇವನ್ನು ನೇರವಾಗಿ ಹಿಂದಕ್ಕೆ ಎಳೆಯಬೇಕು, ಓರೆಯಾಗಿ ಎಳೆದರೆ ಒಳಗಿನ ಕಡ್ಡಿ ಮುರಿಯುತ್ತದೆ. ನಾಬಿನ ಹಿಂದೆ ಒಂದು ಲಾಡಿ ಸುತ್ತಿ ಎರಡೂ ತುದಿ ಹಿಡಿದು ಎಳೆದರೆ ಸಲೀಸು. ಕೊನೆಗೆ ಪ್ಯಾನೆಲ್.

ಪ್ಯಾನೆಲ್ ಸಡಿಲವಾದ ಕೂಡಲೇ ಪೂರ್ತಿ ಎಳೆದುಬಿಡಬೇಡಿ. ಅದರ ಹಿಂದೆ ಸ್ವಿಚ್‌ಗಳ ವೈರ್ ಇರುತ್ತದೆ. ಮೊದಲ ತಲೆಮಾರಿನ ಎಂಎಕ್ಸ್-5ನಲ್ಲಿ ಹಜಾರ್ಡ್ ಸ್ವಿಚ್ಚು, ಹೆಡ್‌ಲೈಟ್ ಮೇಲೆತ್ತುವ ಸ್ವಿಚ್ಚು ಎರಡೂ ನಡುವಿನ ಪ್ಯಾನೆಲ್ಲಿನಲ್ಲೇ ಕೂತಿವೆ. ಒಂದು ಗೇಣಿಗಿಂತ ಕಡಿಮೆ ಮುಂದಕ್ಕೆ ತಂದು, ಹಿಂದೆ ಕೈ ಹಾಕಿ, ಕಪ್ಲರಿನ ಲಾಕ್ ಒತ್ತಿ ಬಿಡಿಸಿ. ವೈರ್ ಹಿಡಿದು ಎಳೆಯಬೇಡಿ, ಕಪ್ಲರ್ ಹಿಡಿಯಿರಿ. ಪ್ರತಿ ಹೆಜ್ಜೆಗೂ ಫೋನಿನಲ್ಲಿ ಫೋಟೋ ಇರಲಿ.

ಎಲ್ಲ ಸ್ಕ್ರೂ ಬಿಚ್ಚಿದೆ. ಆದರೂ ಬರುತ್ತಿಲ್ಲ.

ಎಲ್ಲ ಬಿಚ್ಚಿಲ್ಲ. ಗಾಳಿ ಬರುವ ವೆಂಟಿನ ಒಳಗೆ, ಸ್ಟೀರಿಯೋ ಗೂಡಿನ ಮೇಲ್ಭಾಗದಲ್ಲಿ, ಬಟನ್‌ನಂಥ ಸಣ್ಣ ಮುಚ್ಚಳದ ಹಿಂದೆ ಟಾರ್ಚ್ ಬಿಟ್ಟು ನೋಡಿ. ಪ್ಯಾನೆಲ್ಲಿನ ನಾಲ್ಕೂ ಮೂಲೆ ನಿಧಾನಕ್ಕೆ ಅಲುಗಾಡಿಸಿ. ಯಾವ ಮೂಲೆ ಅಲುಗುವುದಿಲ್ಲವೋ ಅಲ್ಲಿ ಸ್ಕ್ರೂ ಇದೆ. ಎಲ್ಲ ಮೂಲೆ ಒಂದೇ ಸಮ ಅಲುಗುತ್ತಿದ್ದರೆ ಉಳಿದದ್ದು ಕ್ಲಿಪ್ ಮಾತ್ರ. ಆಗ ಕ್ಲಿಪ್ ಇರುವ ಜಾಗದಲ್ಲೇ ಟೂಲ್ ಹಾಕಿ ಎತ್ತಿ, ಎರಡು ಕ್ಲಿಪ್‌ಗಳ ನಡುವೆ ಅಲ್ಲ.

ಪ್ಯಾನೆಲ್ಲಿನ ಕಿವಿ ಮುರಿಯಿತು. ಫೆವಿಕ್ವಿಕ್ ಹಾಕಲಾ?

ಬೇಡ. ಆ ಜಾತಿಯ ಅಂಟು ಸುತ್ತಲಿನ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಬೂದಿ ಕೂರಿಸುತ್ತದೆ. ಎಳೆತ ಬೀಳುವ ಕಡೆ ಮತ್ತೆ ಬಿರಿಯುತ್ತದೆ.

ಮೊದಲು ಪ್ಯಾನೆಲ್ಲಿನ ಹಿಂಭಾಗ ನೋಡಿ. ಬಹುತೇಕ ಅಚ್ಚಿನಲ್ಲೇ ಪ್ಲಾಸ್ಟಿಕ್ಕಿನ ಹೆಸರು ಒತ್ತಿರುತ್ತಾರೆ. ಎಬಿಎಸ್ ಎಂದಿದ್ದರೆ ಅದೃಷ್ಟ. ಅದೇ ಜಾತಿಯ ಪ್ಲಾಸ್ಟಿಕ್ ಚೂರುಗಳನ್ನು ಅಸಿಟೋನಿನಲ್ಲಿ ಕರಗಿಸಿ ಗಂಜಿಯ ಹದಕ್ಕೆ ತಂದು ಹಚ್ಚಿದರೆ ಎರಡೂ ತುಂಡು ಕರಗಿ ಒಂದಾಗುತ್ತವೆ. ಹಿಂಭಾಗಕ್ಕೆ ಮಾತ್ರ ಹಚ್ಚಿ. ಮುಂಭಾಗಕ್ಕೆ ಒಂದು ಹನಿ ಬಿದ್ದರೂ ಕಲೆ ಹೋಗುವುದಿಲ್ಲ. ಅಸಿಟೋನ್ ಥಟ್ಟನೆ ಬೆಂಕಿ ಹಿಡಿಯುವ ವಸ್ತು, ಗಾಳಿಯಾಡುವ ಕಡೆ ಕೂತು ಮಾಡಿ. ಒಂದು ದಿನ ಪೂರ್ತಿ ಒಣಗಲು ಬಿಡಿ.

ಪಿಪಿ ಎಂದಿದ್ದರೆ ಸಾಮಾನ್ಯ ಅಂಟು ಯಾವುದೂ ನಿಲ್ಲುವುದಿಲ್ಲ. ಸಣ್ಣ ಸ್ಟೀಲ್ ಜಾಲರಿಯನ್ನು ಸೋಲ್ಡರಿಂಗ್ ಐರನ್ನಿನಿಂದ ಕಾಯಿಸಿ ಹಿಂದಿನಿಂದ ಹೂಳುವುದು ಇರುವ ದಾರಿ. ಸ್ಕ್ರೂ ಕೂರುವ ಕಂಬ ಸೀಳಿದ್ದರೆ ಹೊರಗಿನಿಂದ ಒಂದು ಲೋಹದ ಬುಷ್ ತೊಡಿಸಿ, ಎಬಿಎಸ್ ಆದರೆ ಎಪಾಕ್ಸಿ ತುಂಬಿ. ಬುಷ್ ಬೇಕಾದರೆ ಲೇತ್ ಅಂಗಡಿಯವರು ಅಳತೆಗೆ ಮಾಡಿಕೊಡುತ್ತಾರೆ. ಪಿ.ಬಿ. (ಪುಣೆ-ಬೆಂಗಳೂರು) ರೋಡ್ ಇರುವ ಊರಿನಲ್ಲಿ ಲೇತ್ ಹುಡುಕುವುದು ಕಷ್ಟವಲ್ಲ.

ಟೆಂಪರೇಚರ್ ಕೇಬಲ್ ತುಂಡಾಗಿದೆ. ಸೈಕಲ್ ಬ್ರೇಕ್ ಕೇಬಲ್ ಹಾಕಿದರೆ ಆಗುತ್ತದಾ ಅಣ್ಣಾ?

ಎಲ್ಲರೂ ಮೊದಲು ಯೋಚಿಸುವುದು ಅದನ್ನೇ. ಆಗುವುದಿಲ್ಲ. ಬ್ರೇಕ್ ಕೇಬಲ್ ಹುರಿ ಮಾಡಿದ ತಂತಿ, ಅದಕ್ಕೆ ಎಳೆಯಲು ಮಾತ್ರ ಬರುತ್ತದೆ. ವಾಪಸ್ ತರುವ ಕೆಲಸ ಸೈಕಲಿನಲ್ಲಿ ಸ್ಪ್ರಿಂಗ್ ಮಾಡುತ್ತದೆ. ಎಸಿ ಕಂಟ್ರೋಲಿನ ಕೇಬಲ್ ಎಳೆಯಲೂ ಬೇಕು, ತಳ್ಳಲೂ ಬೇಕು. ಹಾಗಾಗಿ ಒಳಗಿರುವುದು ಒಂಟಿ ಎಳೆಯ ಗಟ್ಟಿ ಸ್ಟೀಲ್ ತಂತಿ. ಅದೇ ದಪ್ಪದ ಸ್ಪ್ರಿಂಗ್ ಸ್ಟೀಲ್ ತಂತಿ ತಂದು, ಹಳೆ ಹೊರಕವಚ ಚೆನ್ನಾಗಿದ್ದರೆ ಅದರೊಳಗೆ ತೂರಿಸಿ, ತುದಿಗೆ ಹಳೆಯದರ ಅಳತೆಯಲ್ಲೇ ಉಂಗುರ ಬಾಗಿಸಿ. ಸಾದಾ ಕಟ್ಟುಕಂಬಿ ಬೇಡ, ತಳ್ಳಿದರೆ ಮಡಚಿಕೊಳ್ಳುತ್ತದೆ.

ಆದರೆ ತಂತಿ ನಿಜವಾಗಿ ತುಂಡಾಗಿರುವುದು ಕಡಿಮೆ. ಹೆಚ್ಚಾಗಿ ಕೇಬಲಿನ ಹೊರಕವಚವನ್ನು ಹಿಡಿದಿರುವ ಕ್ಲಿಪ್ ಹಾರಿರುತ್ತದೆ. ಆಗ ನಾಬ್ ತಿರುಗಿಸಿದರೆ ಬಾಗಿಲಿನ ಬದಲು ಕೇಬಲ್ಲೇ ಹಿಂದೆ ಮುಂದೆ ಓಡಾಡುತ್ತದೆ. ಕ್ಲಿಪ್ ವಾಪಸ್ ಕೂರಿಸಿದರೆ ಕೆಲಸ ಮುಗಿಯಿತು. ನಾಬ್ ಬಿಗಿಯಾಗಿದ್ದವರು ಬಲ ಹಾಕಿ ತಿರುಗಿಸುವುದೇ ಕ್ಲಿಪ್ ಹಾರಲು ಕಾರಣ, ಆದ್ದರಿಂದ ಬಾಗಿಲಿನ ಲಿವರ್ ತಿರುಗುವ ಜಾಗಕ್ಕೆ ಸಿಲಿಕೋನ್ ಗ್ರೀಸ್ ಸ್ವಲ್ಪ ಹಚ್ಚಿ. ಎಂಜಿನ್ ಆಯಿಲ್, ಮಾಮೂಲಿ ಗ್ರೀಸ್ ಬೇಡ. ಧೂಳು ಹಿಡಿದು ಮುಂದಿನ ವರ್ಷಕ್ಕೆ ಮೇಣವಾಗುತ್ತದೆ.

ಕೇಬಲ್ ಹಾಕಿದ ಮೇಲೆ ಅಡ್ಜಸ್ಟ್ ಮಾಡುವುದು ಹೇಗೆ?

ನಾಬನ್ನು ಪೂರ್ತಿ ತಂಪಿಗೆ ತಿರುಗಿಸಿ. ಬಾಗಿಲಿನ ಲಿವರನ್ನೂ ಕೈಯಿಂದ ಪೂರ್ತಿ ತಂಪಿನ ಕಡೆ ಒತ್ತಿ ಹಿಡಿಯಿರಿ. ಹಾಗೆ ಹಿಡಿದುಕೊಂಡೇ ಹೊರಕವಚವನ್ನು ಕ್ಲಿಪ್ಪಿಗೆ ಒತ್ತಿ. ಬಿಸಿ ಕಡೆ ಸ್ವಲ್ಪ ಕಡಿಮೆಯಾದರೂ ದಾವಣಗೆರೆಯಲ್ಲಿ ಯಾರೂ ದೂರುವುದಿಲ್ಲ. ತಂಪಿನ ಕಡೆ ಕೂದಲೆಳೆ ಸಂದು ಉಳಿದರೂ ದೂರುತ್ತಾರೆ.

ಫೈಬರ್ ಬಾಡಿ ಕಾರು. ಬ್ಲೋವರ್ ನಿಧಾನ, ಪ್ಯಾನೆಲ್ ಲೈಟ್ ಮಂಕು. ಮೋಟಾರ್ ಬದಲಿಸಲಾ?

ಮೊದಲು ಅರ್ಥಿಂಗ್ ನೋಡಿ. 1998ರಲ್ಲಿ ಬಂದ ನಮ್ಮ ದೇಶದ್ದೇ ಸ್ಯಾನ್ ಸ್ಟಾರ್ಮ್ ಇರಲಿ, ಅಮೆರಿಕದ ಕಾರ್ವೆಟ್ ಇರಲಿ, ಬಾಡಿ ಫೈಬರ್ ಆದರೆ ಅದರಲ್ಲಿ ಕರೆಂಟು ಹರಿಯುವುದಿಲ್ಲ. ತಗಡಿನ ಕಾರಿನಲ್ಲಿ ಬಾಡಿಗೇ ಒಂದು ಸ್ಕ್ರೂ ಬಿಗಿದರೆ ಮೈನಸ್ ಸಿಕ್ಕಿತು. ಇಲ್ಲಿ ಪ್ರತಿಯೊಂದರ ಮೈನಸ್ಸಿಗೂ ಬೇರೆ ತಂತಿ ಎಳೆದು ಚಾಸಿಗೋ ಲೋಹದ ಫ್ರೇಮಿಗೋ ಸೇರಿಸಿರುತ್ತಾರೆ. ಆ ಕೂಡುವ ಜಾಗ ತುಕ್ಕು ಹಿಡಿದರೆ ಬ್ಲೋವರ್, ಲೈಟು, ಮೀಟರ್ ಎಲ್ಲ ಒಟ್ಟಿಗೆ ಸೊರಗುತ್ತವೆ. ಏರ್‌ಬ್ಯಾಗಿನ ವೈರಿಂಗ್ ಬಿಟ್ಟು, ಬ್ಲೋವರ್ ಓಡುತ್ತಿರುವಾಗ ಅದರ ಮೈನಸ್ ತಂತಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್‌ನದೇ ತಪ್ಪು. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ಬಿಗಿ ಮಾಡಿ.

ವೆಂಟಿನಿಂದ ಕಪ್ಪು ಚೂರುಗಳು ಮುಖಕ್ಕೆ ಹಾರುತ್ತವೆ.

ಬಾಗಿಲುಗಳಿಗೆ ಅಂಟಿಸಿದ್ದ ಸ್ಪಾಂಜು ಪುಡಿಯಾಗುತ್ತಿದೆ. ಹಾಗೆಂದರೆ ಬಾಗಿಲು ಮುಚ್ಚಿದರೂ ಸಂದಿಯಿಂದ ಬಿಸಿ ಗಾಳಿ ಸೋರುತ್ತಿದೆ. ಕೈಗೆ ಸಿಗುವ ಬಾಗಿಲಾದರೆ ಹಳೆಯದನ್ನು ಕೆರೆದು, ನೀರು ಹೀರದ ಫೋಮ್ ಟೇಪ್ ಅಂಟಿಸಿ. ಕೈಗೆ ಸಿಗದಿದ್ದರೆ ಗಾಳಿ ಡಬ್ಬಿಯನ್ನೇ ಇಳಿಸಬೇಕು. ಅದಕ್ಕೆಂದೇ ಇಳಿಸುವುದು ದಂಡ, ಬೇರೆ ಕಾರಣಕ್ಕೆ ಇಳಿಸಿದ ದಿನ ಮಾಡಿ.

ಡಿಜಿಟಲ್ ಪ್ಯಾನೆಲ್. ಬೆಳಗ್ಗೆ ಸರಿ, ಕಾರು ಕಾದ ಮೇಲೆ ಅಂಕಿಗಳು ಮಾಯ.

ಬೋರ್ಡಿನಲ್ಲಿ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ ಇರಬೇಕು. ಕಾದಾಗ ಹಿಗ್ಗಿ ಬಿರುಕು ಬಿಡುತ್ತದೆ, ತಣಿದಾಗ ಕೂಡುತ್ತದೆ. ಪ್ಯಾನೆಲ್ ಬಿಚ್ಚಿ ಬೋರ್ಡ್ ಹೊರಗೆ ತಂದರೆ, ಟಿವಿ ರಿಪೇರಿ ಮಾಡುವ ಹಳೆ ಕೈಗಳಿಗೆ ಅದು ಬೇಗ ಗೊತ್ತಾಗುತ್ತದೆ. ಕೆಪಾಸಿಟರ್ ಸೋರಿದ್ದರೆ ಅದನ್ನೂ ಅವರೇ ಬದಲಿಸುತ್ತಾರೆ. ಕಾರು ಮೆಕ್ಯಾನಿಕ್‌ಗಿಂತ ಅವರೇ ಇದಕ್ಕೆ ಸರಿ.

ನಮ್ಮ ಊರಿಗೆ ಹೀಟರ್ ಯಾಕೆ ಬೇಕು? ಪೈಪ್ ಬೈಪಾಸ್ ಮಾಡಿಬಿಡಿ ಎನ್ನುತ್ತಾರಲ್ಲ?

ಪುಸ್ತಕದ ಪ್ರಕಾರ ತಪ್ಪು, ನನ್ನ ಪ್ರಕಾರ ಅರ್ಧ ಸರಿ. ಬಾಗಿಲು ಡಬ್ಬಿಯ ಒಳಗೇ ಮುರಿದಿದ್ದರೆ, ಪೂರ್ತಿ ಡ್ಯಾಶ್‌ಬೋರ್ಡ್ ಇಳಿಸುವ ಬದಲು ಹೀಟರಿಗೆ ಹೋಗುವ ಬಿಸಿನೀರನ್ನು ತಡೆದರೆ ತಂಪು ಗಾಳಿ ಬರುತ್ತದೆ. ಆದರೆ ಎರಡೂ ಪೈಪಿಗೆ ಬಿರಡೆ ಜಡಿಯಬೇಡಿ. ಕೆಲವು ಎಂಜಿನ್‌ಗಳಲ್ಲಿ ಆ ದಾರಿಯಲ್ಲಿ ನೀರು ಸದಾ ಹರಿಯುತ್ತಿರಲೇಬೇಕು. ಒಂದಕ್ಕೊಂದು ಸೇರಿಸಿ ಸುತ್ತು ಮುಗಿಸಿ. ಹೀಟರ್ ಕೋರೇ ಸೋರುತ್ತಿದ್ದರೆ, ಅಂದರೆ ಸಿಹಿ ವಾಸನೆ, ಎಡಗಾಲ ಕಡೆ ಒದ್ದೆ ಕಾರ್ಪೆಟ್, ಗಾಜಿನ ಮೇಲೆ ಜಿಡ್ಡು ಪೊರೆ ಕಂಡರೆ, ಆಗಲೂ ಇದೇ ತಾತ್ಕಾಲಿಕ ಉಪಾಯ. ಎಂಜಿನ್ ಪೂರ್ತಿ ತಣಿದ ಮೇಲೆ ಮಾತ್ರ ಪೈಪ್ ಮುಟ್ಟಿ. ಮಳೆಗಾಲದಲ್ಲಿ ಆಗುಂಬೆ ಕಡೆ ಹೋಗುವವರಿಗೆ ಮಾತ್ರ ಹೀಟರ್ ಇಲ್ಲದ ಕೊರತೆ ಗೊತ್ತಾಗುತ್ತದೆ.

ಗ್ಯಾಸ್ ಪೈಪನ್ನೂ ನಾನೇ ಬಿಚ್ಚಬಹುದಾ?

ಬೇಡ. ಆರ್-134ಎ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಕಣ್ಣಿಗೆ, ಚರ್ಮಕ್ಕೆ ಚಿಮ್ಮಿದರೆ ಹೆಪ್ಪುಗಟ್ಟಿಸುತ್ತದೆ. 1990ರ ದಶಕದ ಮೊದಲರ್ಧದವರೆಗಿನ ಎಷ್ಟೋ ಕಾರುಗಳು ಆರ್-12ಕ್ಕೆಂದು ಮಾಡಿದವು. ಆ ಗ್ಯಾಸನ್ನು ಓಝೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದಂತೆ ನಮ್ಮ ದೇಶದಲ್ಲೂ 2010ರಿಂದ ನಿಲ್ಲಿಸಿದ್ದಾರೆ. 134ಎಗೆ ಬದಲಿಸುವಾಗ ಎಣ್ಣೆ, ತೇವ ಹೀರುವ ಡ್ರೈಯರ್, ರಬ್ಬರ್ ರಿಂಗ್ ಕೂಡ ಬದಲಾಗಬೇಕು. ಯಾರಾದರೂ ಅಡುಗೆ ಗ್ಯಾಸಿನ ಜಾತಿಯದನ್ನು ತುಂಬುತ್ತೇನೆ, ತಂಪು ಜಾಸ್ತಿ ಎಂದರೆ ಕಾರು ತೆಗೆದುಕೊಂಡು ಬಂದುಬಿಡಿ. ಕಾಯಿಲ್ ಇರುವುದು ನಿಮ್ಮ ಮೊಣಕಾಲಿನ ಹತ್ತಿರ. ಅಲ್ಲಿ ಸೋರಿದರೆ ಒಂದು ಕಿಡಿ ಸಾಕು.

ಗ್ಯಾರೇಜಿನವರು ಪೂರ್ತಿ ಡ್ಯಾಶ್‌ಬೋರ್ಡ್ ಇಳಿಸಬೇಕು ಎನ್ನುತ್ತಿದ್ದಾರೆ.

ಕೂಲಿಂಗ್ ಕಾಯಿಲ್, ಹೀಟರ್ ಕೋರ್, ಡಬ್ಬಿಯೊಳಗಿನ ಬಾಗಿಲು ಆದರೆ ಬಹಳಷ್ಟು ಕಾರುಗಳಲ್ಲಿ ನಿಜ. ನಾಬ್, ಕೇಬಲ್, ರೆಸಿಸ್ಟರ್, ಲೈಟು, ಬೋರ್ಡ್ ಆದರೆ ಸಾಮಾನ್ಯವಾಗಿ ಬೇಕಿಲ್ಲ. ಯಾವ ಪಾರ್ಟ್ ಬದಲಿಸಲು ಇಳಿಸುತ್ತೀರಿ ಎಂದು ನೇರವಾಗಿ ಕೇಳಿ. ಉತ್ತರ 'ಬಿಚ್ಚಿದ ಮೇಲೆ ನೋಡೋಣ' ಎಂದಾದರೆ ನೀವೂ ಯೋಚಿಸಿ ಹೇಳುತ್ತೇನೆ ಎನ್ನಿ.

ಪಾರ್ಟ್ ಎಲ್ಲಿ ಸಿಗುತ್ತದೆ?

ರೆಸಿಸ್ಟರ್, ಬ್ಲೋವರ್, ರಿಲೇ, ಬಲ್ಬ್‌ಗಳಿಗೆ ಹಳೆಯದನ್ನು ಕೈಯಲ್ಲಿ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ. ಫೋಟೋ ತೋರಿಸಿದರೆ ಸಾಲದು. ಕಪ್ಲರಿನ ಪಿನ್ ಹೊಂದಬೇಕು. ಪ್ಯಾನೆಲ್, ನಾಬ್, ವೆಂಟು ಹೊರದೇಶದಿಂದಲೇ ಬರಬೇಕು. ಕಸ್ಟಮ್ಸ್ ಸೇರಿ ಬೆಲೆ ಕೇಳಿದ ಮೇಲೆ ಮುರಿದ ತುಂಡನ್ನು ಯಾರೂ ಎಸೆಯುವುದಿಲ್ಲ. ಚಿಕ್ಕ ನಾಬ್, ಕ್ಲಿಪ್ ಆದರೆ ತ್ರೀಡಿ ಪ್ರಿಂಟ್ ಮಾಡಿಸಬಹುದು. ಪಿಎಲ್ಎ ಪ್ಲಾಸ್ಟಿಕ್ ಮಾತ್ರ ಬೇಡ, 60 ಡಿಗ್ರಿ ಆಸುಪಾಸಿಗೆ ಮೆತ್ತಗಾಗುತ್ತದೆ. ನಮ್ಮ ಬಿಸಿಲಲ್ಲಿ ನಿಂತ ಕಾರಿನೊಳಗೆ ಅಷ್ಟು ಬಿಸಿ ಏರುವುದು ದೊಡ್ಡ ವಿಷಯವಲ್ಲ. ಎಬಿಎಸ್ ಇಲ್ಲವೇ ಎಎಸ್ಎ ಕೇಳಿ.

ವಾಪಸ್ ಮುಚ್ಚುವ ಮೊದಲು ಏನು ನೋಡಬೇಕು?

ಪ್ಯಾನೆಲ್ ಸಡಿಲವಾಗಿಟ್ಟೇ, ಬಿಡಿಸಿದ ಕಪ್ಲರ್ ಎಲ್ಲ ಸೇರಿಸಿ. ಏರ್‌ಬ್ಯಾಗಿನದನ್ನು ಬಿಡಿಸಿದ್ದರೆ ಅದೂ ಸೇರಿರಲಿ. ಆಮೇಲೆ ಬ್ಯಾಟರಿ ಹಾಕಿ. ನಾಲ್ಕೂ ಸ್ಪೀಡು, ಮುಖ, ಕಾಲು, ಗಾಜು, ಹೊರಗಾಳಿ, ಒಳಗಾಳಿ ಎಲ್ಲ ನೋಡಿ. ಹಜಾರ್ಡ್ ಒತ್ತಿ. ಕತ್ತಲಲ್ಲಿ ಪ್ಯಾನೆಲ್ ಬಲ್ಬು ಉರಿಯುತ್ತಿದೆಯೇ ನೋಡಿ. ಎಲ್‌ಇಡಿ ಹಾಕಿದ್ದು ಉರಿಯದಿದ್ದರೆ ತಿರುಗಿಸಿ ಹಾಕಿ, ಅದಕ್ಕೆ ಪ್ಲಸ್ ಮೈನಸ್ ಇದೆ. ಪ್ಲಾಸ್ಟಿಕ್‌ಗೆ ಪ್ಲಾಸ್ಟಿಕ್ ತಾಗುವ ಕಡೆ ಬಟ್ಟೆಯ ಟೇಪ್ ಅಂಟಿಸಿ, ಕಿರುಗುಟ್ಟುವುದಿಲ್ಲ. ಸ್ಕ್ರೂ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ, 'ಟಕ್' ಎಂದು ಹಳೆ ಥ್ರೆಡ್ಡಿಗೆ ಕೂತ ಮೇಲೆ ಬಿಗಿಯಿರಿ. ಬೆರಳ ಬಲ ಸಾಕು.

ಆಮೇಲೆ ಹೈವೇಗೆ ಇಳಿದು ಭರಮಸಾಗರದವರೆಗೆ ಹೋಗಿ ಬನ್ನಿ. ಮಧ್ಯಾಹ್ನವೇ ಹೋಗಿ. ಊರೊಳಗೆ ಸರಿ ಕಂಡ ಕೇಬಲ್ ಕ್ಲಿಪ್ ಹಾರುವುದಿದ್ದರೆ ಅಲ್ಲೇ ಹಾರುತ್ತದೆ. ಆದ್ದರಿಂದ ಕನ್ಸೋಲಿನ ಕೊನೆಯ ಸ್ಕ್ರೂಗಳನ್ನು ವಾಪಸ್ ಬಂದ ಮೇಲೆ ಹಾಕಿ.